ತೊಗಲು ಬಿಗಿದ ಗಳ

ದೊಮ್ಮಲೂರಿನ ದೊಡ್ಡಮುನಿಯಪ್ಪನ ಕೈಗೆ ಬಿದಿರು ಸಿಕ್ಕರೆ ಸಾಕು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಎಲ್ಲಿ ಸೀಳಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದ. ಮನುಷ್ಯರನ್ನು ತಟ್ಟಿ ನೋಡೋ ವಿದ್ಯೆ ಮಾತ್ರ ಅವನಿಗೆ ಬರಲಿಲ್ಲ. ಬಂದಿದ್ದರೆ ಅವನ ಗತಿ ಹಾಗಾಗುತ್ತಿರಲಿಲ್ಲ.

ಅದು ಯುದ್ಧದ ಕಾಲ, ನಲವತ್ಮೂರನೇ ಇಸವಿ. ಹಲಸೂರು ಕೆರೆಯ ಆಚೆ ಮಿಲಿಟರಿಯವರ ಡೇರೆ ಗೋದಾಮಿತ್ತು. ಕ್ಯಾಂಪುಗಳಿಂದ ಹರಿದ ಡೇರೆ, ಡೇರೆಗೆ ಊರೋ ಬಿದಿರಿನ ಸೀಳಿದ ಗಳ ಎಲ್ಲಾ ಅಲ್ಲಿಗೇ ಬರುತ್ತಿದ್ದವು. ಗಳ ರಿಪೇರಿಗೆ ದಿನಗೂಲಿ ಮೇಲೆ ಇಬ್ಬರಿದ್ದರು: ದೊಡ್ಡಮುನಿಯಪ್ಪ, ಮತ್ತೆ ಅವನ ಊರಿನವನೇ ಆದ ಚಲುವಯ್ಯ. ಇಬ್ಬರಲ್ಲಿ ಒಬ್ಬನನ್ನು ಖಾಯಂ ಮಾಡ್ತಾರೆ ಅಂತ ಸುದ್ದಿ ಹುಟ್ಟಿತು. ಖಾಯಂ ಆದವನಿಗೆ ತಿಂಗಳು ತಿಂಗಳು ಗೋದಾಮಿನಿಂದಲೇ ಅಕ್ಕಿ. ಪೇಟೇಲಿ ಕಾಳು ಕಂಡರೆ ಜನ ಮುಗಿಬೀಳುತ್ತಿದ್ದ ದಿನಗಳವು. ದೊಡ್ಡಮುನಿಯಪ್ಪನ ಹೆಂಡತಿ ಮುನಿವೆಂಕಟಮ್ಮ ಗಂಡನ ತಟ್ಟೆಗೆ ಮುದ್ದೆ ಇಟ್ಟು, ತಾನು ಬರೀ ಸಾರು ಕುಡಿದು ಮಲಗೋಕೆ ಶುರುಮಾಡಿ ಆರು ತಿಂಗಳಾಗಿತ್ತು. ಆ ಕೆಲಸ ಸಿಗದಿದ್ದರೆ ಅವಳು ಉಳಿಯಲ್ಲ ಅಂತ ಅವನಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಉತ್ತರದ ಕಡೆಯ ಹವಾಲ್ದಾರ ಬಂದು, ಮೂಲೇಲಿ ಬಿದ್ದಿದ್ದ ನಲವತ್ತು ಸೀಳಿದ ಗಳ ತೋರಿಸಿ, ಹಿಂದೂಸ್ತಾನಿಯಲ್ಲಿ ಏನೋ ಅಬ್ಬರಿಸಿ ಹೋದ. ದೊಡ್ಡಮುನಿಯಪ್ಪನ ಕಿವಿಗೆ ಬಿದ್ದಿದ್ದು 'ಕಾಟೋ' ಅನ್ನೋದೊಂದೇ.

"ಏನಂದ್ರು ಚಲುವಣ್ಣ?"

ಚಲುವಯ್ಯನಿಗೆ ದಂಡಿನ ಭಾಷೆಯೆಲ್ಲಾ ನೀರು ಕುಡಿದಂಗೆ. ಇವು ಕೆಲಸಕ್ಕೆ ಬರಲ್ಲ, ಯಾರೂ ಮತ್ತೆ ಡೇರೆಗೆ ಹಾಕದಂಗೆ ಕತ್ತರಿಸಿಬಿಡಿ ಅಂದಿದ್ದ ಹವಾಲ್ದಾರ. ಚಲುವಯ್ಯ ಬೀಡಿ ಹಚ್ಚಿಕೊಂಡು, "ಇನ್ನೇನಂತಾರೆ? ಕಟ್ಟು ಅಂದ್ರು. ಅವರಿಗೆ ನಾಲಿಗೆ ತಿರುಗಲ್ಲ, ಕಾಟೋ ಅಂತಾರೆ. ನಿನ್ನ ಕೈಕೆಲಸ ನೋಡ್ಬೇಕಂತೆ ಕಣೋ. ನೀನೇ ಮಾಡು, ನಾನು ಅಡ್ಡ ಬರಲ್ಲ," ಅಂದ.

ಎಂಥಾ ಮನೆಹಾಳ ನೋಡಿ. ಒಂದೇ ಬಾವಿ ನೀರು ಕುಡಿದು ಬೆಳೆದವನು.

ದೊಡ್ಡಮುನಿಯಪ್ಪ ಹಿಗ್ಗಿಹೋದ. ರಸೆಲ್ ಮಾರುಕಟ್ಟೆಗೆ ಓಡಿ, ಮಾಂಸದಂಗಡಿಯವರನ್ನು ಕಾಡಿ ಬೇಡಿ ಹಸಿ ತೊಗಲು ತಂದ. ಪಟ್ಟಿ ಪಟ್ಟಿಯಾಗಿ ಸೀಳಿ, ನೆನೆಹಾಕಿ, ಬಿರುಕಿಗೆ ದಬ್ಬೆ ಕೊಟ್ಟು ಬಿಗಿದು ಬಿಸಿಲಿಗೆ ಇಟ್ಟ. ತೊಗಲು ಒಣಗುತ್ತಾ ಬಿದಿರನ್ನು ಕಚ್ಚಿ ಹಿಡಿಯುತ್ತೆ. ಅದು ಅವನಪ್ಪ ಕಲಿಸಿದ ಕಟ್ಟು. ಬೆರಳು ಬಿರಿದು ರಕ್ತ ಬಂದರೂ ಬಿಡದೆ ಮೂರು ದಿನದಲ್ಲಿ ನಲವತ್ತೂ ಮುಗಿಸಿದ. ಚಲುವಯ್ಯ ಎದುರಿಗೇ ಕೂತು, "ಇನ್ನೊಂಚೂರು ಬಿಗಿ ಕಣೋ," ಅಂತ ಹೇಳಿಕೊಟ್ಟ.

ನಾಲ್ಕನೇ ದಿನ ಹವಾಲ್ದಾರ ಗೋದಾಮಿನ ಬಿಳಿ ದೊರೆಯನ್ನೇ ಕರಕೊಂಡು ಬಂದ. ರದ್ದಾದ ಗಳಕ್ಕೆ ತೇಪೆ ಹಾಕಿ ಒಳಗೆ ಸೇರಿಸ್ತಿದಾನೆ, ಸಿಪಾಯಿಗಳ ತಲೆ ಮೇಲೆ ಡೇರೆ ಬಿದ್ದರೆ ಗತಿಯೇನು ಅಂತ ಚಲುವಯ್ಯ ಆಗಲೇ ಚಾಡಿ ಹೇಳಿಯಾಗಿತ್ತು. ಅದು ತಿಳಿಯದ ದೊಡ್ಡಮುನಿಯಪ್ಪ ಕೈ ಮುಗಿದು ನಗುತ್ತಾ ನಿಂತಿದ್ದ. ದೊರೆ ಒಂದು ಗಳವನ್ನು ಎರಡು ಕಲ್ಲಿನ ಮೇಲೆ ಇಡಿಸಿ, ಬೂಟುಗಾಲಲ್ಲಿ ಹತ್ತಿ ಕುಣಿದ. ಗಳ ಮಿಸುಕಲಿಲ್ಲ. ಆದರೂ ರದ್ದಾದದ್ದು ರದ್ದೇ ಅಂತ ಗರಗಸ ತರಿಸಿ ಕಟ್ಟಿದವನ ಕೈಗೇ ಕೊಡಿಸಿದ.

ಗೋದಾಮಿನ ಗುಮಾಸ್ತ ಹಬೀಬ್ ಮೆತ್ತಗೆ ಹೇಳಿದ: "ಕಾಟೋ ಅಂದ್ರೆ ಕಟ್ಟೋದಲ್ಲ ಮುನಿಯಪ್ಪ, ಕತ್ತರಿಸೋದು. ನಿಂಗೆ ಯಾರೂ ಹೇಳ್ಲಿಲ್ವಾ?"

ದೊಡ್ಡಮುನಿಯಪ್ಪ ಚಲುವಯ್ಯನ ಮುಖ ನೋಡಿದ. ಚಲುವಯ್ಯ ಬಂದು, ಕುಯ್ಯೋಕೆ ಅನುಕೂಲ ಆಗಲಿ ಅಂತ ಗಳದ ಇನ್ನೊಂದು ತುದಿ ಹಿಡಿದುಕೊಂಡ.

ಸಂಜೆ ಹೊತ್ತಿಗೆ ನಲವತ್ತೂ ತುಂಡಾದವು. ದೊಡ್ಡಮುನಿಯಪ್ಪನನ್ನು ಗೇಟಿನಾಚೆ ದಬ್ಬಿದರು. ಖಾಯಂ ಕೆಲಸ, ಅಕ್ಕಿ ಎರಡೂ ಚಲುವಯ್ಯನ ಪಾಲಾದವು.

ದೊಡ್ಡಮುನಿಯಪ್ಪ ಹೆಂಡತಿಗೆ "ಕೆಲಸ ಮುಗೀತಂತೆ" ಅಂದನೇ ಹೊರತು ಮೋಸ ಹೋದೆ ಅಂತ ಬಾಯಿಬಿಡಲಿಲ್ಲ. ನಾಚಿಕೆಗೆ ಸಾಯುವಂತಾಗಿತ್ತು. ಎಂಟು ದಿನವಾದ ಮೇಲೆ ಮುನಿವೆಂಕಟಮ್ಮ, ಗೋದಾಮಿನವರು ಹೊರಗೆ ಎಸೆದಿದ್ದ ಸೌದೆ ಆರಿಸಿಕೊಂಡು ಬಂದಳು. ಉಳಿದಿದ್ದ ಒಂದು ಹಿಡಿ ಹಿಟ್ಟಿಗೆ ಎಸರಿಟ್ಟು, ಒಲೆಗೆ ಬಿದಿರಿನ ತುಂಡು ತುರುಕಿದಳು. ತೊಗಲು ಸುಟ್ಟ ನಾತ ಮನೆಯೆಲ್ಲಾ ತುಂಬಿತು. ಎಳೆದು ತೆಗೆದು, ಇನ್ನೊಂದು ತುಂಡಿನ ಕಟ್ಟು ಬಿಚ್ಚೋಕೆ ಉಗುರು ಹಾಕಿದಳು, ಕುಡುಗೋಲು ಹಾಕಿದಳು. ಜಗ್ಗಲಿಲ್ಲ.

"ಯಾವ ಮುಂಡೇಮಗ ಕಟ್ಟಿದ್ನೋ, ಅವನ ಕೈ ಸೇದೋಗ," ಅಂದಳು.

ಬಾಗಿಲ ಹತ್ತಿರ ಕೂತಿದ್ದ ದೊಡ್ಡಮುನಿಯಪ್ಪ, ಬಿರಿದ ಬೆರಳುಗಳನ್ನು ಪಂಚೆಯೊಳಗೆ ಮುಚ್ಚಿಕೊಂಡು, "ಹೂಂ, ಸೇದೋಗ್ಲಿ," ಅಂದ.