ಸಿ.ಡಿ. ಡ್ರೈವ್‌ಗೆ ಕೈ ಮುಗಿದ ರಘು

ತಾಕತ್ತಿದ್ದರೆ ಇದನ್ನು ನಂಬಬೇಡಿ, ನೋಡೋಣ! ನೋಯ್ಡಾದಲ್ಲಿ ನಮ್ಮ ಕೆಳಮನೆಯ ರಘು, ಕೇಂದ್ರ ಸರ್ಕಾರದ ಅಧಿಕಾರಿ, ಕಂಪ್ಯೂಟರಿನ ಸಿ.ಡಿ. ಡ್ರೈವ್‌ಗೆ ಕೈ ಮುಗಿದು ಕ್ಷಮೆ ಕೇಳಿದ.

ಅಂದು ಆಯುಧಪೂಜೆ. ಬೆಳಿಗ್ಗೆ ರಘು ಕಂಪ್ಯೂಟರ್ ಬಿಚ್ಚಿ, ಒಳಗೆಲ್ಲ ಒರೆಸಿ, ಡ್ರೈವ್‌ಗೂ ಕುಂಕುಮ ಇಟ್ಟಿದ್ದ. ಸಂಜೆ ಗೊಂಬೆ ಆರತಿಗೆ ಬಂದವರ ಮುಂದೆ ಮಗಳು ಅದಿತಿ ಕುಣಿಯಬೇಕು. ಹಾಡಿನ ಸಿ.ಡಿ. ತಿರುಗುತ್ತಿದೆ, ಸ್ಪೀಕರ್ ಮಾತ್ರ ಮೂಕ.

"ಪಾಪಾ, ಅಬ್ ಕ್ಯಾ ಹೋಗಾ?" ಈಗೇನು ಗತಿ ಎಂದು ಅಪ್ಪನನ್ನು ಕೇಳಿದ ಹುಡುಗಿಯ ಕಣ್ಣಲ್ಲಿ ನೀರು.

"ರಾಯರೇ, ಏನಾದ್ರೂ ಮಾಡಿ," ಎಂದು ರಘು ನನ್ನತ್ತ ತಿರುಗಿದ.

ಡ್ರೈವ್‌ನ ಮುಂದಿರುವ ತೂತಿಗೆ ಹೆಡ್‌ಫೋನ್ ಚುಚ್ಚಿದೆ. ಹಾಡು ಕೇಳಿಸಿತು! ಅಂದರೆ ಒಳಗೆ ಸ್ಪೀಕರಿನತ್ತ ಹಾಡು ಒಯ್ಯುವ ಆಡಿಯೋ ವೈರು ಕಳಚಿದೆ, ಅಷ್ಟೇ. ಹೇಳಿಬಿಟ್ಟರೆ ಮಜಾ ಎಲ್ಲಿ?

"ಬೆಳಿಗ್ಗೆ ನೀನು ಕೈ ಮುಗಿಯಲಿಲ್ಲ, ಮುನಿಸಿಕೊಂಡಿದೆ. ಕಣ್ಮುಚ್ಚಿ ತಪ್ಪಾಯ್ತು ಅನ್ನಪ್ಪಾ."

"ತಪ್ಪಾಯ್ತು ತಾಯಿ, ಇವತ್ತೊಂದಿನ ಹಾಡಮ್ಮಾ!"

ಅವನು ಕಣ್ಣು ಬಿಡುವುದರೊಳಗೆ ಕಂಪ್ಯೂಟರಿನ ಮುಚ್ಚಳ ಸರಿಸಿ ವೈರು ಸಿಕ್ಕಿಸಿದೆ. ಹಾಡು ಮೊಳಗಿತು. ಎಲ್ಲ ನೋಡಿದ್ದ ಅದಿತಿ, "ತಾತಾ, ಚೀಟಿಂಗ್!" ಎಂದು ನಗುತ್ತ ಗೆಜ್ಜೆ ಕಟ್ಟಲು ಓಡಿದಳು.

ಈಗಲೂ ಆಯುಧಪೂಜೆಯಲ್ಲಿ ರಘು ಮೊದಲು ಕೈ ಮುಗಿಯುವುದು ಕಂಪ್ಯೂಟರಿಗೆ. ಇದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ: ಆ ಬೆಳಿಗ್ಗೆ ರಘು ಅದನ್ನು ಬಿಚ್ಚಿ ಒರೆಸಿದ ಎಂದದ್ದು. ನಿಜಕ್ಕೂ ಬಿಚ್ಚಿ ಒರೆಸಿ, ವೈರು ಕಳಚಿಸಿದವನು ಪೂಜೆಗೆ ಹಿರಿಯನೆಂದು ಅವನು ಕರೆದಿದ್ದ ನಾನೇ.