ಕೆಸರು ಹತ್ತಿದ ಬೈಬಲ್

ನಮ್ಮ ಆಯಿಯ ಬೈಬಲ್ಲನ್ನು ಬಿಚ್ಚಿದರೆ ಇವತ್ತಿಗೂ ಮೊದಲು ಬರುವುದು ದೇವರ ವಾಕ್ಯವಲ್ಲ, ಅಜಿವಾನದ, ಅಂದರೆ ಓಮಿನ ಕಾಳಿನ ವಾಸನೆ. ಅದರ ಹಿಂದಿನಿಂದ ತುಸು ತಡವಾಗಿ, ಸಂಕೋಚದ ನೆಂಟನ ಹಾಗೆ, ಒಣಗಿದ ಕೆಸರಿನ ವಾಸನೆ ಬರುತ್ತದೆ. ಲೂಕನ ಸುವಾರ್ತೆಯ ನಡುವೆ ನಾಲ್ಕೈದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಕಟಕ ರೊಟ್ಟಿಯಂತೆ ಗಟ್ಟಿಯಾಗಿವೆ. ಬಿಡಿಸುವ ಧೈರ್ಯ ನಾನು ಮಾಡಿಲ್ಲ. ಅವುಗಳಲ್ಲಿ ಏನು ಬರೆದಿದೆ ಎಂಬುದು ಲೋಕಕ್ಕೆಲ್ಲ ಗೊತ್ತು. ಹೇಗೆ ಅಂಟಿಕೊಂಡವು ಎಂಬುದು ಗೊತ್ತಿರುವವರಲ್ಲಿ ನಮ್ಮ ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.

ರಂಗಂಪೇಟೆಯಲ್ಲಿ ಚರ್ಚಿನ ಗೋಡೆಗೆ ಬೆನ್ನು ಹಚ್ಚಿಕೊಂಡು ನಮ್ಮ ಮೂರು ಖೋಲಿಯ ಮನೆ ಇತ್ತು. ಮುಂದೆ ಒಂದು ಬೇವಿನ ಮರ. ಈಗ ಅಲ್ಲಿ ಗೊಬ್ಬರದ ಅಂಗಡಿ ಇದೆ, ಮರ ಇಲ್ಲ. ಅಪ್ಪ ಆ ಚರ್ಚಿನ ಪಾಸ್ಟರು. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅದೇ ಚರ್ಚಿನ ಬೈಬಲ್ ಬಾಯಿ. ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಸುವಾರ್ತೆ ಹೇಳಲಿಕ್ಕೆಂದೇ ನೇಮಿಸಿದ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಹೀಗೆ ದೇವರ ರಾಜ್ಯದ ಎರಡು ಇಲಾಖೆಗಳು ಒಂದೇ ಸೂರಿನ ಕೆಳಗಿದ್ದು, ಊಟದ ಹೊತ್ತಿಗೆ ಮಾತ್ರ ಸಂಧಿಸುತ್ತಿದ್ದವು. ಅಪ್ಪನ ಇಲಾಖೆಯ ನಂಬಿಕೆ ಸರಳವಾಗಿತ್ತು: ಗಂಟೆ ಬಾರಿಸುವುದು ನಮ್ಮ ಕೆಲಸ, ಬರುವುದು ಅವರ ಕೆಲಸ. ಹನ್ನೊಂದು ಮನೆಗಳ ಸಭೆಗೆ ಅವರು ಸಾವಿರ ಜನಕ್ಕೆ ಸಾಲುವಷ್ಟು ಗಂಟೆ ಬಾರಿಸುತ್ತಿದ್ದರು. ಆಯಿ ಸಾರಿನಲ್ಲಿ ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು, "ಒಳ್ಳೆ ಸುದ್ದಿ ಅಂತೀವಿ. ಬಾಗಲಾ ಹಾಕ್ಕೊಂಡು ನಾವ್ ನಾವೇ ಹೇಳ್ಕೊಂಡ್ರ ಅದು ಸುದ್ದಿ ಹ್ಯಾಂಗ ಆಗ್ತದೋ ಯಪ್ಪಾ? ಹನ್ನೊಂದು ಮನಿಯವರಿಗೂ ಅದು ಹಳೀದು."

ಆಯಿಗೊಂದು ಪದ್ಧತಿ ಇತ್ತು. ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು ಮೊರ. ಬರಿಗೈಯಲ್ಲಿ ಕೂತು ಹೇಳಿದ ಮಾತು ಬುದ್ಧಿವಾದ ಆಗುತ್ತದೆ, ಕೆಲಸ ಮಾಡುತ್ತ ಹೇಳಿದ್ದು ಕಥೆ ಆಗುತ್ತದೆ ಎಂದು ಅವಳ ಸಿದ್ಧಾಂತ. ಕೈಚೀಲದಲ್ಲಿ ಬೈಬಲ್ಲು, ಅದರ ಪಕ್ಕದಲ್ಲಿ ಹೊಟ್ಟೆನೋವಿನವರಿಗೆಂದು ಅಜಿವಾನದ ಪೊಟ್ಟಣ. ಮಧ್ಯಾಹ್ನಗಳಲ್ಲಿ ಅವಳ ಸೆರಗು ಹಿಡಿದು ನಾನು. ಹಣೆ ತುಂಬ ವಿಭೂತಿಯ ಶರಣಮ್ಮನ ಪಡಸಾಲೆಯಲ್ಲಿ ಇಬ್ಬರೂ ಕೂತು ಜೋಳ ಹಸನು ಮಾಡುತ್ತಿದ್ದರು. ಹರಳು ಒಂದು ಕಡೆ, ಕಾಳು ಒಂದು ಕಡೆ, ನಡುವೆ ತೆನೆ ಆಯುವ ರೂತಳ ಕಥೆಯೋ, ತಪ್ಪಿಸಿಕೊಂಡ ಕುರಿಯ ಕಥೆಯೋ. ಶರಣಮ್ಮ ಸುಮ್ಮನೆ ಕೇಳುವ ಪೈಕಿ ಅಲ್ಲ.

"ಆಯಿ, ನಿಮ್ಮ ಯೇಸು ಯಾವಾಗರೆ ಜ್ವಾಳ ಹಸನ ಮಾಡ್ಯಾನೇನು?"

"ಅಂವ ಬಡಿಗ್ಯಾ ಇದ್ದನವ್ವಾ. ಇಲ್ಲಿ ಬಂದಿದ್ರ ನಿನ್ನ ಗಂಡನ ಹೊಲದಾಗಿನ ಮುರುಕ ಕುಂಟಿ ರಿಪೇರಿ ಮಾಡಿ ಕೊಡ್ತಿದ್ದ."

"ಹಂಗಾರ ಮೊದಲು ಅಂವನ್ನ ಕಳಸು, ಕತಿ ಆಮ್ಯಾಲ ಕೇಳ್ತೀನಿ," ಎಂದು ಶರಣಮ್ಮ ಮೊರ ಕೇರುತ್ತಿದ್ದಳು.

ಹೀಗೆ ಸುಖವಾಗಿ ನಡೆದಿದ್ದ ಸೇವೆಗೆ ಕೆನಾಲು ಅಡ್ಡ ಬಂತು. ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾದವು, ಊರಿನ ಹೆಣ್ಣುಮಕ್ಕಳೆಲ್ಲ ನಾಟಿಗೆ ಇಳಿದರು. ಆಯಿ ಓಣಿ ಓಣಿ ತಿರುಗಿದರೆ ಅವಳನ್ನು ಸ್ವಾಗತಿಸುತ್ತಿದ್ದುದು ಬೀಗಗಳು. ತಿಂಗಳಿಗೊಮ್ಮೆ ಮೇಲಿನವರಿಗೆ ಕಳಿಸುವ ರಿಪೋರ್ಟಿನಲ್ಲಿ ನಾಲ್ಕು ಖಾನೆಗಳಿದ್ದವು: ಭೇಟಿ ಮಾಡಿದ ಮನೆಗಳು, ಮಾತಾಡಿಸಿದ ಸ್ತ್ರೀಯರು, ಹಂಚಿದ ಪತ್ರಿಕೆಗಳು, ಹೊಸ ವಿಶ್ವಾಸಿಗಳು. ಕೊನೆಯ ಖಾನೆ ಹಿಂದೆಯೂ ಖಾಲಿಯೇ ಇರುತ್ತಿತ್ತು. ಈಗ ಉಳಿದ ಮೂರೂ ಅದರ ಜೊತೆಗೆ ಸೇರಿಕೊಂಡವು. ಸುಳ್ಳು ಬರೆಯುವುದು ಆಯಿಗೆ ಬಾರದು. ನಮ್ಮ ಕಡೆಯ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಸುಪರಿಂಟೆಂಡೆಂಟ್ ಸಾಹೇಬರಿಂದ ಕಾಗದ ಬಂತು. ಅವರು ಬರುವ ತಿಂಗಳ ಮೊದಲ ಭಾನುವಾರ ಖುದ್ದು ಬರುವರು, ಹೊರಗಿನ ಸೇವೆಯ ಫಲವನ್ನು ನೋಡುವರು, ಫಲ ಕಾಣದಿದ್ದಲ್ಲಿ ಬೈಬಲ್ ಬಾಯಿಯವರಿಗೆ ಗೌರವದ ವಿಶ್ರಾಂತಿ ದಯಪಾಲಿಸುವರು.

ಅಪ್ಪ ಓದಿ ಹೇಳಿದಾಗ ಆಯಿ ಒಲೆಯ ಮುಂದೆ ಕೂತು ಸಾರಿನ ರುಚಿ ನೋಡುತ್ತಿದ್ದಳು. "ಮನ್ಯಾಗ ಕುಂದ್ರು ಅಂತಾರೇನು?"

"ವಯಸ್ಸಾತಲ್ಲವ್ವಾ ನಿನಗ."

"ಕುಂತ್ರ ಸಾಯ್ತೀನಿ," ಎಂದಳು. ಉಪ್ಪು ಕಡಿಮೆಯಾಗಿದೆ ಎನ್ನುವ ಧ್ವನಿಯಲ್ಲಿ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು. ಅವಳು ಜೋರಾಗಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಮರುದಿನ ಆಯಿ ಸೀರೆಯ ಕಚ್ಚೆ ಬಿಗಿದು ಗದ್ದೆಗೆ ಇಳಿದಳು. ಅರವತ್ತು ದಾಟಿದ ಮುದುಕಿ, ಮೊಣಕಾಲುದ್ದ ಕೆಸರು, ಮೊರದ ಬದಲು ಕೈಯಲ್ಲಿ ನೆಲ್ಲಿನ ಸಸಿ. ಬಗ್ಗಿ ನಾಟಿ ಹಚ್ಚುತ್ತ ಚರ್ಚಿನ ಹಾಡೊಂದನ್ನು ಹೇಳಿಕೊಟ್ಟಳಂತೆ. ಶರಣಮ್ಮ ಒಂದೇ ನುಡಿಗೆ ತಕರಾರು ತೆಗೆದಳು. "ಈ ಧಾಟಿಗಿ ಹಚ್ಚಿದ್ರ ಈ ಮಡಿ ಮುಗಿಯೂದು ದೀಪಾವಳಿಗಿ. ತುಸು ಓಡಸು ಆಯಿ." ಆಯಿ ಓಡಿಸಿದಳು. ವಾರದೊಳಗೆ ಆ ಹಾಡು ಗದ್ದೆಯಿಂದ ಗದ್ದೆಗೆ ಹರಿಯಿತು. ಅದನ್ನು ಕೇಳಿದ ಅಪ್ಪ, ಇದು ಸ್ತೋತ್ರವಲ್ಲ, ಎತ್ತು ಬೆದರಿಸುವ ಉಪಾಯ ಎಂದು ತೀರ್ಪು ಕೊಟ್ಟರು.

ಭಾನುವಾರವನ್ನು ಗೊತ್ತುಮಾಡುವಾಗ ಎಲ್ಲರೂ ಎಲ್ಲವನ್ನೂ ಯೋಚಿಸಿದ್ದರು, ನೀರಿನ ಸರದಿಯನ್ನೊಂದು ಬಿಟ್ಟು. ಆ ಬೆಳಿಗ್ಗೆಯೇ ನಮ್ಮ ಕಡೆಯ ತೂಬಿನ ಗೇಟು ಎತ್ತಿದರು. ಬಂದ ನೀರನ್ನು ಸಂಜೆಯೊಳಗೆ ಹಿಡಿಯದಿದ್ದರೆ ಮತ್ತೆ ಎಂಟು ದಿನ ಬಾಯಿ ಬಿಡಬೇಕು. ಅಪ್ಪ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಮೊದಲ ಗಂಟೆ ಬಾರಿಸಿದರು, ಎರಡನೆಯದು ಬಾರಿಸಿದರು, ಮೂರನೆಯದನ್ನು ಬಾರಿಸುವಾಗ ಅವರ ಕೈ ಸೋತಿತ್ತು. ಚಾಪೆಗಳ ಮೇಲೆ ಇದ್ದವರು ನಮ್ಮ ಅವ್ವ, ನಾನು, ಕಿವಿ ಕೇಳಿಸದ ಒಬ್ಬ ಅಜ್ಜ. ಹನ್ನೊಂದು ಮನೆಯವರೂ, ಆಯಿಯೂ ನಾಪತ್ತೆ. ಮುಂದಿನ ಕುರ್ಚಿಯಲ್ಲಿ ಸಾಹೇಬರು ಕೂತು ಗಡಿಯಾರ ನೋಡಿಕೊಂಡರು.

"ಸಭೆ ಎಲ್ಲಿದೆ ಪಾಸ್ಟರೇ?"

ಅಪ್ಪ ಮತ್ತೆ ಗಂಟೆಯ ಹಗ್ಗಕ್ಕೆ ಕೈ ಹಾಕಿದರು. ಅದನ್ನು ನೋಡಲಾರದೆ ನಾನೇ ಎದ್ದು ಹೇಳಿದೆ, "ಕೆನಾಲ್ ಕಡೆ ಅದರಿ."

ಹೋದೆವು. ಜೀಪಿನಲ್ಲಿ ಸಾಹೇಬರು, ನಿಲುವಂಗಿಯ ಅಪ್ಪ, ನಡುವೆ ನಾನು. ದೂರದಿಂದಲೇ ಹಾಡು ಕೇಳಿಸಿತು. ಇಪ್ಪತ್ತು ಮೂವತ್ತು ಹೆಂಗಸರು ಸಾಲಾಗಿ ಬಗ್ಗಿದ್ದರು. ನಮ್ಮ ಹನ್ನೊಂದು ಮನೆಯವರೂ ಅಲ್ಲೇ ಇದ್ದರು, ಅವರ ಜೊತೆ ಊರೂ ಇತ್ತು. ನಡುವೆ ಆಯಿಯ ಬಿಳಿ ತಲೆ. ಸಾಹೇಬರು ಬದುವಿನ ಮೇಲೆ ನಿಂತು, ಎಲ್ಲರಿಗಿಂತ ಹತ್ತಿರವಿದ್ದ ಶರಣಮ್ಮನನ್ನು ಕೇಳಿದರು, ನೀವು ಚರ್ಚಿಗೆ ಬರುತ್ತೀರೇನಮ್ಮ ಎಂದು.

"ಇಲ್ರಿ. ನಮ್ಮ ಗುಡಿಗೇ ಹೋಗಾಕ ಪುರಸೊತ್ತಿಲ್ಲ. ಆಯಿನೇ ಇಲ್ಲಿಗಿ ಬರ್ತಾಳ್ರಿ."

"ಬಂದು ಏನು ಹೇಳುತ್ತಾರೆ?"

ಶರಣಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. "ಒಬ್ಬಾಂವ ದಾರ್ಯಾಗ ಪೆಟ್ಟು ತಿಂದು ಬಿದ್ದಿದ್ನಂತ. ಮೊದಲ ಒಬ್ಬ ಪಾಸ್ಟರು ಬಂದು, ನೋಡಿ, ದಾಟಿ ಹೋದ್ನಂತ." ಅಪ್ಪ ಕೆಮ್ಮಿದರು. "ಕಡೀಕ ಬ್ಯಾರೆ ಜಾತ್ಯಾಂವ ಬಂದು ಎತ್ತಿಕೊಂಡನಂತ. ಹೋದ ಸುಗ್ಗ್ಯಾಗ ಇದೇ ಒಡ್ಡಿನ ಮ್ಯಾಲ ಕೆನಾಲ್ ಕೆಲಸದ ಮುದುಕ ಒಬ್ಬ ಜ್ವರ ಬಂದು ಬಿದ್ದಿದ್ದ್ರಿ. ಯಾವ ಜಾತಿ ಅಂತ ಕೇಳೂದು ಬಾಯಿತನಾ ಬಂದಿತ್ತು. ಅಷ್ಟ್ರಾಗ ಈ ಮುದುಕಿ ಕತಿ ನೆನಪಾತು. ಬಂಡ್ಯಾಗ ಹಾಕ್ಕೊಂಡು ದವಾಖಾನಿಗಿ ಒಯ್ದೆ, ಎಂಟ್ ದಿನ ಗಂಜಿ ಕುಡಿಸಿದೆ. ಏನ್ ಮಾಡೂದ್ರಿ, ಕೇಳಿದ ಮ್ಯಾಲ ದಾಟಿ ಹೋಗಾಕ ಬರಾಂಗಿಲ್ಲ."

ಸಾಹೇಬರು ಆಯಿಯ ಕಡೆ ತಿರುಗಿದರು. "ಇದನ್ನು ರಿಪೋರ್ಟಿನಲ್ಲಿ ಯಾಕೆ ಬರೆಯಲಿಲ್ಲ ತಾಯಿ?"

"ಖಾನೆ ಇರಲಿಲ್ರಿ," ಎಂದಳು ಆಯಿ.

ಸಾಹೇಬರು ಆಯಿಯ ಬೈಬಲ್ಲನ್ನು ಇಸಕೊಂಡು, ಅದೇ ಕಥೆಯನ್ನು ಎಲ್ಲರಿಗೂ ಓದಿ ಹೇಳಬೇಕೆಂದು ಲೂಕನನ್ನು ಬಿಚ್ಚಿದರು. ಹಸಿ ಬದು, ಬೂಟುಗಾಲು. ಓದು ಶುರುವಾಗುವ ಮೊದಲೇ ಬದು ಕುಸಿದು, ಸಾಹೇಬರು ಲೂಕನ ಸಮೇತ ಗದ್ದೆಗೆ ದಯಮಾಡಿಸಿದರು. ಶರಣಮ್ಮ, "ಇಳದೇ ಇಳದೀರಿ, ಒಂದ್ ಸಾಲು ಹಚ್ಚೇ ಹೋಗ್ರಿ," ಎಂದು ಸಸಿಯ ಕಟ್ಟು ಮುಂದೆ ಹಿಡಿದಳು. ಸಾಹೇಬರು ನಕ್ಕರು, ಪ್ಯಾಂಟು ಮಡಿಚಿದರು, ಹಚ್ಚಿದರು. ಆ ಸಾಲು ಹಾವು ಹೋದ ಹಾಗಿತ್ತು. ಜೀಪು ಮರೆಯಾಗುವ ತನಕ ಕಾಯ್ದು ಶರಣಮ್ಮ ಅದನ್ನು ಕಿತ್ತು ಮತ್ತೆ ಹಚ್ಚಿದಳು. ಮುಂದಿನ ತಿಂಗಳು ರಿಪೋರ್ಟಿನ ಹೊಸ ಹಾಳೆಗಳು ಬಂದವು. ಅವುಗಳಲ್ಲಿ ಐದನೆಯ ಖಾನೆಯೊಂದನ್ನು ಪೆನ್ನಿನಿಂದ ಎಳೆದಿದ್ದರು, ತಲೆಬರಹ ಇರಲಿಲ್ಲ. ಆಯಿ ಅದರಲ್ಲಿ ಮೊದಲ ಸಾಲು ಬರೆದಳು: ಶರಣಮ್ಮ, ಮತ್ತು ಒಬ್ಬ ಮುದುಕ.

ಆಯಿ ಇನ್ನೂ ಒಂಬತ್ತು ವರ್ಷ ಗದ್ದೆಗಳಲ್ಲಿ ತಿರುಗಿ, ಒಂದು ಮಧ್ಯಾಹ್ನ ಕೈಚೀಲ ಪಕ್ಕದಲ್ಲಿಟ್ಟುಕೊಂಡೇ ಹೋದಳು. ಚರ್ಚಿನಲ್ಲಿ ಶವದ ಪೆಟ್ಟಿಗೆ ಇಟ್ಟು ಅಪ್ಪ ಆರಾಧನೆ ಶುರುಮಾಡಿದ್ದರು. ನಾಟಿ ಬಿಟ್ಟು ಬಂದ ಹೆಂಗಸರು ಕಾಲಿನ ಕೆಸರು ನೋಡಿಕೊಂಡು, ಸುಣ್ಣ ಬಳಿದ ಚರ್ಚಿನ ಬಾಗಿಲ ಹೊರಗೇ ನಿಂತರು. ಅಪ್ಪ ಓದು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಪೆಟ್ಟಿಗಿ ಹೊರಗ ತರ್ರಿ," ಎಂದರು. ಬೇವಿನ ಮರದ ಕೆಳಗೆ ಉಳಿದದ್ದು ನಡೆಯಿತು. ಹಾಡು ಬಂದಾಗ ಹೆಂಗಸರು ಗದ್ದೆಯ ಧಾಟಿಯಲ್ಲೇ ಹಿಡಿದರು, ಅಪ್ಪನೂ ಅವರ ಹಿಂದೆ ಓಡಿದರು.

ಈಗ ಶರಣಮ್ಮ ಇಲ್ಲ, ಅಪ್ಪನೂ ಇಲ್ಲ. ಕೆನಾಲಿನ ಗುಂಟ ಹೋದರೆ ಹಸಿರು ಆಗಿನಷ್ಟೇ ಇದೆ, ಹಾಡು ಕೇಳುವುದಿಲ್ಲ. ಆಯಿಯನ್ನು ಮಣ್ಣು ಮಾಡಿದ ದಿನ ಹೂವು ಸಿಗದೆ ಶರಣಮ್ಮ ತಂದಿದ್ದು ಒಂದು ಕಟ್ಟು ಸಸಿ. ಸಮಾಧಿಯ ಹಸಿ ಮಣ್ಣಿನಲ್ಲಿ ಅದನ್ನೇ ನೆಟ್ಟಗೆ ನಾಲ್ಕು ಸಾಲು ಹಚ್ಚಿದಳು. ಆ ಕೆಂಪು ನೆಲದಲ್ಲಿ ನೆಲ್ಲು ಒಂದು ದಿನವೂ ಬದುಕುವಂಥದಲ್ಲ. ಹದಿನೈದು ದಿನ ಹಸಿರಾಗಿತ್ತು, ದೇವರ ಕೃಪೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗಿನ ಗಂಟೆ ಬಾರಿಸುವುದನ್ನೂ ಮರೆತು, ತಾವೇ ದಿನಾ ಒಂದು ಕೊಡ ನೀರು ಹೊತ್ತು ಅಲ್ಲಿಗೆ ಹೋಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.