ಬೋಲ್ಟು ಹಾಕಿದ ಕೇಕ್ ಕುಕ್ಕರು

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ಹೆಂಡತಿ ಹಳೆಯ ಕುಕ್ಕರಿನ ಮುಚ್ಚಳಕ್ಕೆ ರಬ್ಬರಿನ ಗ್ಯಾಸ್ಕೆಟ್ ಹಾಕಿದಳು. ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ನನ್ನ ಜ್ಞಾಪಕಶಕ್ತಿಯಿಂದಲ್ಲ. ಮಗಳು ಅದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಯಾವ ಸೆಕೆಂಡಿಗೆ ಯಾರು ಕೆಮ್ಮುತ್ತಾರೆ ಎಂಬುದನ್ನೂ ಹೇಳಬಲ್ಲೆ. ಗ್ಯಾಸ್ಕೆಟ್ ಹಾಕಿದ ಮೂವತ್ತೊಂದನೆಯ ನಿಮಿಷಕ್ಕೆ ಕುಕ್ಕರು ಸಿಡಿಯಿತು. ಅದರ ಸೇಫ್ಟಿ ವಾಲ್ವ್ ಇರಬೇಕಾದ ತೂತಿಗೆ ಬೋಲ್ಟು ಹಾಕಿ ಬಿಗಿದವನು ನಾನು. ಹಾಗೆ ಬಿಗಿದದ್ದರ ಅರ್ಥವೇನು ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆ ಕುಕ್ಕರು ಯಾಕಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರ ಮನೆ. ಕೀಲ್ಪಾಕಿನ ಫ್ಲ್ಯಾಟಿಗೆ ಬಂದ ಮೇಲೆ ಮಡಿಯೆಂಬುದು ಅಡುಗೆಮನೆಯ ಅರ್ಧ ಭಾಗಕ್ಕೆ ಇಳಿದಿದೆ. ಆ ಅರ್ಧವನ್ನು ನನ್ನ ಅಮ್ಮ ಗಡಿ ಕಾಯುವ ಹಾಗೆ ಕಾಯುತ್ತಾಳೆ. ಹೆಂಡತಿಗೆ ಕೇಕಿನ ಹುಚ್ಚು ಹಿಡಿದಾಗ ಮೊದಲು ಓವನ್ನಿನ ಮಾತು ಬಂತು.

“ಬೇಡಮ್ಮಾ,” ಎಂದಳು ಅಮ್ಮ. “ಇವತ್ತು ಓವನ್ ಬರತ್ತೆ, ನಾಳೆ ಅದರ ಹಿಂದೇನೇ ಮೊಟ್ಟೆ ಬರತ್ತೆ.”

“ಮೊಟ್ಟೆ ಇಲ್ದೇನೇ ಮಾಡೋದು ಅತ್ತೆ. ಮೊಸರು ಹಾಕ್ತಾರೆ.”

“ಮೊಸರು ಹಾಕಿದ್ರೆ ಮಜ್ಜಿಗೆಹುಳಿ ಆಗತ್ತೆ. ಕೇಕ್ ಹೇಗಾಗತ್ತೆ?”

ಒಂದು ವಾರದ ಮಾತುಕತೆಯ ನಂತರ ಒಪ್ಪಂದವಾಯಿತು. ಓವನ್ ಬೇಡ, ಅಟ್ಟದ ಮೇಲಿದ್ದ ಹಳೆಯ ಕುಕ್ಕರು ಕೇಕಿಗೆ. ಅನ್ನದ ಕುಕ್ಕರಿನ ಹತ್ತಿರ ಕೇಕು ಸುಳಿಯಬಾರದು, ಕೇಕಿನ ಕುಕ್ಕರನ್ನು ಅಮ್ಮ ಮುಟ್ಟುವುದಿಲ್ಲ. ಕುಕ್ಕರಿನಲ್ಲಿ ಕೇಕು ಮಾಡುವ ವಿಧಾನ ಈಗ ಎಲ್ಲರಿಗೂ ಗೊತ್ತು: ತಳಕ್ಕೆ ಎರಡು ಬೆರಳು ದಪ್ಪ ಉಪ್ಪು ಹರಡಿ, ನೀರು ಹಾಕದೆ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು, ಮುಚ್ಚಿ ಕಾಯಿಸುವುದು. ಒಳಗೆ ಒತ್ತಡವೇ ಇರುವುದಿಲ್ಲ. ಆ ಉಪ್ಪು ಮಾತ್ರ ನಮ್ಮಲ್ಲಿ ಸಮಸ್ಯೆಯಾಯಿತು. ಕೇಕಿಗೆ ಸೋಕಿದ್ದನ್ನು ಮನೆಯ ಉಪ್ಪಿನ ಜಾಡಿಗೆ ಮರಳಿ ಹಾಕುವ ಹಾಗಿಲ್ಲ. ಉಪ್ಪು ಚೆಲ್ಲುವುದಕ್ಕೂ ಅಮ್ಮ ಬಿಡುವುದಿಲ್ಲ. ಹೀಗಾಗಿ ಉಪ್ಪು ಕುಕ್ಕರಿನಲ್ಲೇ ಉಳಿಯಿತು. ಜಾಗ ಉಳಿಯಲೆಂದು ಮುಚ್ಚಳವನ್ನು ಮಗುಚಿ ಉಪ್ಪಿನ ಮೇಲೇ ಇಡುತ್ತಿದ್ದೆವು. ಮುಚ್ಚಳದ ಮೇಲಿನ ಕೊಳವೆ, ಅಂದರೆ ವೆಯ್ಟು ಕೂರುವ ಕೊಳವೆ, ತಿಂಗಳುಗಟ್ಟಲೆ ಮೂತಿಯನ್ನು ಉಪ್ಪಿನಲ್ಲಿ ಹೂತುಕೊಂಡು ಮಲಗಿರುತ್ತಿತ್ತು. ಚೆನ್ನೈನ ತೇವದ ಗಾಳಿಯಲ್ಲಿ ಉಪ್ಪು ಏನಾಗುತ್ತದೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಹೆಂಡತಿ ಒಳ್ಳೆಯ ಕೇಕು ಮಾಡುತ್ತಿದ್ದಳು, ಅದನ್ನು ಒಪ್ಪಬೇಕು. ಆದರೆ ಮಾಡಿದ ಕೇಕನ್ನು ತಿನ್ನುವ ಹಾಗಿರಲಿಲ್ಲ. ಮೊದಲು ಕಿಟಕಿಯ ಬೆಳಕಿನಲ್ಲಿ ಫೋಟೋ, ಆಮೇಲೆ ಹಳೇ ಬಾಗಿಲಿನ ಹಲಗೆಯ ಮೇಲೆ ಫೋಟೋ, ಆಮೇಲೆ ಚಾಕು ನಿಧಾನವಾಗಿ ಇಳಿಯುವ ವಿಡಿಯೋ. ಅಷ್ಟರಲ್ಲಿ ಇರುವೆಗಳು ಅರ್ಧ ದಾರಿ ಬಂದಿರುತ್ತಿದ್ದವು. ಇಂಟರ್‌ನೆಟ್ಟಿನ ತನ್ನ ಅಡುಗೆ ಚಾನೆಲ್ಲಿಗೆ ವಿಡಿಯೋ ಹಾಕಿದ ಕೂಡಲೇ ಜನ ಬರುತ್ತಿದ್ದರು. ಮೈದಾದ ಬದಲು ರಾಗಿ ಹಾಕಬಹುದೇ, ಸಕ್ಕರೆಯ ಬದಲು ಖರ್ಜೂರ ಹಾಕಬಹುದೇ, ಬೆಣ್ಣೆಯ ಬದಲು ಏನೂ ಹಾಕದೆ ಇರಬಹುದೇ ಎಂದು ಕೇಳುತ್ತಿದ್ದರು. ಮೂರನ್ನೂ ಬದಲಿಸಿದವರೊಬ್ಬರು ಎರಡು ದಿನದ ನಂತರ ಬಂದು, “ನಿಮ್ಮ ಅಳತೆ ಸರಿಯಿಲ್ಲ, ಕೇಕು ಇಟ್ಟಿಗೆಯಾಗಿದೆ” ಎಂದು ಬರೆದರು. ಹೆಂಡತಿ ಅವರ ಕ್ಷಮೆ ಕೇಳಿದಳು. ಎಲ್ಲಕ್ಕೂ ಕ್ಷಮೆ ಕೇಳುವುದು ಅಲ್ಲಿನ ಶಿಷ್ಟಾಚಾರವಂತೆ.

ಒಮ್ಮೆ ಬ್ರೆಡ್ಡಿಗೆಂದು ಗಾಜಿನ ಭರಣಿಯಲ್ಲಿ ಹಿಟ್ಟು ಹುಳಿಗಿಟ್ಟು, ಅದಕ್ಕೆ ದಿನಾ ಹೊಸ ಹಿಟ್ಟು, ನೀರಿನ ಊಟ ಹಾಕುತ್ತಿದ್ದಳು. ಅದು ಏರುವುದನ್ನು ಸಾವಿರಾರು ಜನ ನೋಡಿದರು. ಅಮ್ಮನಿಗೆ ತಡೆಯಲಾಗಲಿಲ್ಲ. “ಐವತ್ತು ವರ್ಷದಿಂದ ದೋಸೆಹಿಟ್ಟು ಹುಳಿಸ್ತಿದೀನಿ ಕಣೋ,” ಎಂದು ನನಗೆ ಹೇಳಿದಳು. “ಒಬ್ರಾದ್ರೂ ಬಂದು ಲೈಕ್ ಹಾಕಿದ್ರಾ?”

ನನ್ನ ಪಾತ್ರ ಬಂದದ್ದು ನಾಲ್ಕನೆಯ ಕೇಕಿನ ಹೊತ್ತಿಗೆ. ನೀರಿಲ್ಲದೆ ಕಾದ ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿಬಿಟ್ಟಿತು. ಹೊಸದು ಹಾಕಿಸಿದೆ, ಅದೂ ಕರಗಿತು. ತೂತಿನಿಂದ ಬಿಸಿ ಹೋಗಿ ಕೇಕು ಒಂದು ಕಡೆ ಕುಸಿಯುತ್ತದೆಂದು ಹೆಂಡತಿ ದೂರಿದಳು. ನಾನು ಕೆಮಿಕಲ್ ಎಂಜಿನಿಯರ್. ಒತ್ತಡದ ಪಾತ್ರೆಗಳ ಮೇಲೆ ಒಂದು ಇಡೀ ಸೆಮಿಸ್ಟರ್ ಓದಿದವನು. ಒತ್ತಡವೇ ಇಲ್ಲದ ಕಡೆ ರಕ್ಷಣೆ ಯಾತಕ್ಕೆ ಎಂದು ಶುದ್ಧ ತರ್ಕ ಮಾಡಿ, ಆ ತೂತಿಗೆ ಉಕ್ಕಿನ ಬೋಲ್ಟು, ವಾಷರು, ನಟ್ಟು ಹಾಕಿ ಬಿಗಿದೆ.

“ಏನ್ರೀ ಇದು, ಸರಿಯಾಗಿದ್ಯಾ?” ಎಂದು ಕೇಳಿದಳು.

“ಕಂಪನಿಯವನು ಹಾಕಿದ್ದಕ್ಕಿಂತ ಗಟ್ಟಿ,” ಎಂದೆ. ಅದು ನಿಜವಾಗಿತ್ತು.

ಆ ಭಾನುವಾರದ ವಿಷಯ ಕ್ಯಾರಮೆಲ್. ಎಲ್ಲೋ ದೂರದೇಶದ ಹೆಂಗಸೊಬ್ಬಳು ಮಂದ ಹಾಲಿನ, ಅಂದರೆ ಕಂಡೆನ್ಸ್ಡ್ ಮಿಲ್ಕಿನ, ಟಿನ್ನನ್ನು ತೆರೆಯದೆ ಹಾಗೇ ನೀರಿನಲ್ಲಿ ಮುಳುಗಿಸಿ ಕುಕ್ಕರಿನಲ್ಲಿ ಬೇಯಿಸಿದ್ದಳು. ಅದು ಒಳಗೇ ಕಂದು ಬಣ್ಣದ ಕ್ಯಾರಮೆಲ್ ಆಗಿತ್ತು. ಹೆಂಡತಿ ಅದನ್ನು ಮಾಡಿ ತೋರಿಸಬೇಕೆಂದಳು. ಅಂಗಡಿಯ ಟಿನ್ನು ಅನ್ನದ ಕುಕ್ಕರಿಗೆ ಇಳಿಯುವುದು ನಮ್ಮ ಮನೆಯಲ್ಲಿ ಸಾಧ್ಯವೇ ಇಲ್ಲ. ಅಟ್ಟದಿಂದ ಕೇಕಿನ ಕುಕ್ಕರು ಬಂತು. ಉಪ್ಪನ್ನು ಡಬ್ಬಿಗೆ ಸುರಿದು, ತೊಳೆದು, ನೀರು ತುಂಬಿ, ಟಿನ್ನು ಇಟ್ಟು, ಡ್ರಾಯರಿನಲ್ಲಿ ಮಲಗಿದ್ದ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ಹುಡುಕಿ ಹಾಕಿದಳು. ನಾನು ಹಜಾರದಲ್ಲಿ ಪೇಪರು ಓದುತ್ತಿದ್ದೆ. ಗ್ಯಾಸ್ಕೆಟ್ ಎಲ್ಲಿದೆಯೆಂದು ಅವಳು ಕೇಳಿದ್ದು ವಿಡಿಯೋದಲ್ಲಿದೆ. “ಸ್ಪೂನ್ ಡ್ರಾಯರಿನಲ್ಲಿ ನೋಡು” ಎಂಬ ನನ್ನ ಧ್ವನಿಯೂ ಇದೆ. ಗ್ಯಾಸ್ಕೆಟ್ ಯಾಕೆ ಬೇಕು ಎಂದು ನಾನು ಕೇಳಲಿಲ್ಲ.

ಮುಂದಿನದು ನನಗೆ ಬಾಯಿಪಾಠ. ಅಮ್ಮ ಕಾಫಿ ಲೋಟ ಹಿಡಿದು ಒಲೆಯ ಮುಂದೆ ನಿಂತಿದ್ದಾಳೆ.

“ಇನ್ನೂ ಕೂಗಲಿಲ್ವೇನೇ ಇದು?”

“ಸಿಮ್ಮಲ್ಲಿಟ್ಟಿದೀನಿ ಅತ್ತೆ. ನಿಧಾನವಾಗಿ ಆಗ್ಬೇಕಂತೆ,” ಎಂದು ಹೆಂಡತಿ ಊಟದ ಮೇಜಿನ ಬಳಿ ಬಿಸ್ಕತ್ತು ಪುಡಿ ಮಾಡುತ್ತಾ ಹೇಳುತ್ತಾಳೆ.

“ನಿಧಾನ ಅಂದ್ರೆ? ನನ್ನ ಬೇಳೆ ಇಷ್ಟೊತ್ತಿಗೆ ನಾಲ್ಕು ಸಲ ಕೂಗಿ ಇಳಿದಿರತ್ತೆ.” ಅಮ್ಮ ಬಗ್ಗಿ ಕುಕ್ಕರಿನ ಕಡೆ ಕಿವಿ ತರುತ್ತಾಳೆ. ಮುಟ್ಟುವುದಿಲ್ಲ, ಕಿವಿ ಮಾತ್ರ.

ಆಗ ಮಗಳು ತನ್ನ ತಮಿಳಿನಲ್ಲಿ ರೇಗುತ್ತಾಳೆ: “ಅಜ್ಜೀ, ಕೊಂಜಂ ತಳ್ಳಿ ನಿಲ್ಲುಂಗ! ಫ್ರೇಮ್‌ಲ ನಿಳಲ್ ವಿಳುದು.” ವಿಡಿಯೋದಲ್ಲಿ ನೆರಳು ಬೀಳುತ್ತಿದೆ, ಸರಿದು ನಿಲ್ಲಿ ಎಂದು.

“ನನ್ನ ಅಡುಗೆಮನೇಲಿ ನನ್ನ ನೆರಳಿಗೂ ಜಾಗ ಇಲ್ವಾ? ಶರಿ, ತಾಯಿ, ಶರಿ,” ಎಂದು ಅಮ್ಮ ಫ್ರಿಜ್ಜಿನ ಮರೆಗೆ ಹೋಗುತ್ತಾಳೆ. ಒಂಬತ್ತು ಸೆಕೆಂಡು ಪರದೆಯ ಮೇಲೆ ಕುಕ್ಕರೊಂದೇ ಇದೆ, ಬೆಳಕು ಚೆನ್ನಾಗಿದೆ. ಆಮೇಲೆ ಕುಕ್ಕರೂ ಇಲ್ಲ, ಬೆಳಕೂ ಇಲ್ಲ.

ಮುಚ್ಚಳ ಅಮ್ಮನ ಮುಖವಿದ್ದ ಜಾಗವನ್ನು ಹಾದು ತಾರಸಿಗೆ ಬಡಿದು ಗಾರೆ ಕಿತ್ತಿತು. ಒಲೆಯ ಗಾಜು ಪುಡಿಯಾಯಿತು. ಟಿನ್ನು ಬಿರಿದು, ಕ್ಯಾರಮೆಲ್ ಗೋಡೆಯಿಂದ ಗೋಡೆಗೆ ಹಾರಿತು. ಹೆಂಡತಿಯ ಎಡ ಮುಂಗೈ ಮೇಲೆ ಅಂಗೈ ಅಗಲ ಬಿತ್ತು. ಅಮ್ಮನಿಗೂ ಮಗಳಿಗೂ ಏನೂ ಆಗಲಿಲ್ಲ. ನಾನು ಓಡಿ ಗ್ಯಾಸ್ ಆರಿಸಿದೆ ಎಂದು ಎಲ್ಲರೂ ಹೇಳುತ್ತಾರೆ, ನನಗೆ ನೆನಪಿಲ್ಲ. ನೆನಪಿರುವುದು, ನೆಲದ ಮೇಲೆ ಬಿದ್ದಿದ್ದ ಮುಚ್ಚಳ ಮತ್ತು ಅದರಲ್ಲಿ ಒಂದಿಷ್ಟೂ ಅಲುಗದೆ ಕೂತಿದ್ದ ನನ್ನ ಬೋಲ್ಟು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ತೊಳೆಯುತ್ತಾ, “ಏನು, ಸಾಂಬಾರಾ?” ಎಂದು ತಮಿಳಿನಲ್ಲಿ ಕೇಳಿದರು. ಹೆಂಡತಿ ಆ ನೋವಿನಲ್ಲೂ, “ಇಲ್ಲ, ಕ್ಯಾರಮೆಲ್” ಎಂದು ತಿದ್ದಿದಳು. ಅಷ್ಟೇ, ಅವಳಲ್ಲಿ ಉಳಿದಿದ್ದ ಗೆಲುವು. ಮನೆಗೆ ಬಂದ ಮೇಲೆ ಅವಳು ಅಮ್ಮನ ಮುಖ ನೋಡಲಿಲ್ಲ. ನಾನು ಸಂಜೆ ಯಾರಿಗೂ ಕಾಣದ ಹಾಗೆ ಬೋಲ್ಟನ್ನು ಬಿಚ್ಚಿ ನನ್ನ ಆಫೀಸ್ ಬ್ಯಾಗಿನ ಚಾರ್ಜರ್ ಪೌಚಿಗೆ ಹಾಕಿಕೊಂಡೆ. ಅದು ದಿನಾ ನನ್ನ ಜೊತೆ ಶೋಳಿಂಗನಲ್ಲೂರಿಗೆ ಹೋಗಿ ಬರುತ್ತಿತ್ತು. ಕೊಳವೆಗೆ ಪಿನ್ನು ಹಾಕಿ ನೋಡಿದ್ದೆ: ಒಳಗೆ ಉಪ್ಪು ಕಲ್ಲಾಗಿ ಕೂತಿತ್ತು. ಕೊಳವೆ ಕಟ್ಟಿದರೆ ವಾಲ್ವ್ ಕಾಪಾಡಬೇಕು. ವಾಲ್ವಿನ ಜಾಗದಲ್ಲಿ ನಾನಿದ್ದೆ.

ಹೆಂಡತಿ ಎಲ್ಲ ತಪ್ಪೂ ತನ್ನದೆಂದು ತೀರ್ಮಾನಿಸಿದಳು. ಕಟ್ಟು ಹಾಕಿದ ಕೈ ತೋರಿಸಿ, ಯಾರೂ ಟಿನ್ನು ಬೇಯಿಸಬೇಡಿ, ನಾನು ಅತ್ತೆಯ ಪ್ರಾಣವನ್ನೇ ತೆಗೆಯುತ್ತಿದ್ದೆ ಎಂದು ವಿಡಿಯೋ ಹಾಕಿದಳು. ಅವಳ ಯಾವ ಕೇಕಿಗೂ ಬರದಷ್ಟು ಜನ ಅದಕ್ಕೆ ಬಂದರು. ಅರ್ಧ ಜನ ಬೈದರು. ಉಳಿದವರು ಕೈಗಳನ್ನು ಜೋಡಿಸಿದ ಚಿತ್ರ ಹಾಕಿದರು. ಒಬ್ಬರು, “ಅಕ್ಕಾ, ಟಿನ್ನಿನ ಬದಲು ಪ್ಯಾಕೆಟ್ ಹಾಲು ಇಡಬಹುದಾ?” ಎಂದು ಕೇಳಿದರು.

ಆಮೇಲೆ ಅವಳು ಚಾನೆಲ್ ತೆರೆಯಲಿಲ್ಲ. ಅನ್ನದ ಕುಕ್ಕರನ್ನೂ ಒಲೆಯ ಮೇಲಿಡಲಿಲ್ಲ. ಅನ್ನ ಬಸಿಯುತ್ತಿದ್ದೆವು, ಬೇಳೆ ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಬೇಯುತ್ತಿತ್ತು. ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಅವಳು ಮಾಡದ ತಪ್ಪಿಗೆ ಎಚ್ಚರವಿದ್ದಳು, ನಾನು ಮಾಡಿದ್ದಕ್ಕೆ. ನಾನು ಹೇಳದೆ ಹೋದರೆ ಅವಳು ಇನ್ನೆಂದೂ ಧೈರ್ಯದಿಂದ ಒಲೆ ಹಚ್ಚುವುದಿಲ್ಲ, ಹೇಳಿದರೆ ನನ್ನ ಮುಖ ನೋಡುವುದಿಲ್ಲ. ಮೂರು ವಾರ ನಾನು ಎರಡನೆಯದಕ್ಕೆ ಹೆದರಿದೆ.

ನಮ್ಮ ಕಟ್ಟಡದ ಹೆಂಗಸರು ಅಡುಗೆಮನೆಯ ಸುರಕ್ಷತೆಯ ಬಗ್ಗೆ ಅವಳನ್ನು ಮಾತಾಡಲು ಕರೆದರು. ಬಲವಂತಕ್ಕೆ ಒಪ್ಪಿದಳು. ಶನಿವಾರ ಬೆಳಗ್ಗೆ ಭಾಷಣದ ಹಾಳೆ ತಂದು, “ಇಂಗ್ಲಿಷ್ ಸರಿಯಿದ್ಯಾ ನೋಡ್ರೀ,” ಎಂದಳು. ತನ್ನ ತಪ್ಪುಗಳನ್ನೆಲ್ಲ ಬರೆದಿದ್ದಳು. ನಡುವೆ ಒಂದು ಸಾಲು: ಮನೆಯಲ್ಲೇ ಎಂಜಿನಿಯರ್ ಇದ್ದರೂ ನಾನು ಅವರನ್ನು ಕೇಳಲಿಲ್ಲ.

ಬ್ಯಾಗಿನಿಂದ ಬೋಲ್ಟು ತಂದು ಆ ಹಾಳೆಯ ಮೇಲಿಟ್ಟೆ. ಕೊಳವೆ, ಉಪ್ಪು, ವಾಲ್ವ್ ಎಲ್ಲ ಹೇಳಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಎಷ್ಟು ವರ್ಷ ಓದಿದ್ರಿ ಎಂಜಿನಿಯರಿಂಗ್‌ನ?”

“ನಾಲ್ಕು.”

“ಪಾಸಾದ್ರಾ?”

“ಫಸ್ಟ್ ಕ್ಲಾಸ್.”

“ನನ್ನ ಕೈ ಸುಟ್ಟಿದ್ದಕ್ಕೆ ಬೇಜಾರಿಲ್ಲ,” ಎಂದಳು. “ಮೂರು ವಾರ ನನ್ನನ್ನ ಅತ್ತೆ ಎದುರಿಗೆ ತಲೆ ತಗ್ಗಿಸಿ ಓಡಾಡೋ ಹಾಗೆ ಮಾಡಿದ್ರಲ್ಲ. ದಿನಾ ಆಫೀಸಿಗೆ ಹೋಗಿ ಬರ್ತಿದ್ರಿ.”

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಬೇರೆ ಕುಕ್ಕರ್ ಅಂತ ಹಟ ಹಿಡಿದವಳು ನಾನಲ್ವೇನೋ?” ಎಂದಳು. “ದಿನಾ ಒಲೆ ಮೇಲಿರೋ ಪಾತ್ರೆ ಆಗಿದ್ರೆ ಕೆಟ್ಟಿದ್ದು ಅವತ್ತೇ ಗೊತ್ತಾಗ್ತಿತ್ತು.” ಎರಡು ಹೆಜ್ಜೆ ಒಳಗೆ ಬಂದು ಸೊಸೆಗೆ ಹೇಳಿದಳು: “ನೀನು ಭಾಷಣಕ್ಕೆ ಹೋಗ್ಬೇಡ. ಅವನನ್ನ ಕಳಿಸು.”

ಹೋದೆ. ಇಪ್ಪತ್ತು ಹೆಂಗಸರ ಮುಂದೆ ಬೋಲ್ಟು ಹಿಡಿದು ನಿಂತು ಆದದ್ದನ್ನು ಹೇಳಿದೆ. ಹಿಂದಿನ ಸಾಲಿನ ಹಿರಿಯಾಕೆಯೊಬ್ಬರು ತಮಿಳಿನಲ್ಲಿ, “ನಮ್ಮ ಮನೆಯವರು ಆ ತೂತಿಗೆ ಸ್ಕ್ರೂ ಹಾಕಿ ಎಂ-ಸೀಲ್ ಅಂಟು ಮೆತ್ತಿದ್ದಾರೆ,” ಎಂದರು. ಇನ್ನೊಬ್ಬರ ಮನೆಯಲ್ಲಿ ವಾಲ್ವಿನ ಜಾಗಕ್ಕೆ ಹಳೇ ನಾಣ್ಯವಿತ್ತು. ಸಭೆ ಅಲ್ಲಿಗೇ ಮುಗಿದು, ಎಲ್ಲರೂ ಮನೆಗೆ ಓಡಿದರು. ಆ ಸಂಜೆ ನಮ್ಮ ಕಟ್ಟಡದಲ್ಲಿ ಓದಿದ ಗಂಡಸರಿಗೆ ಒಳ್ಳೆಯ ಕಾಲವಾಗಿರಲಿಲ್ಲ.

ಹೆಂಡತಿ ನನ್ನ ಜೊತೆ ಹತ್ತು ದಿನ ಮಾತಾಡಲಿಲ್ಲ. ಬೇಕಾದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದಳು, ಅವಳು ಅದನ್ನು ತಮಿಳಿನಲ್ಲಿ ಇನ್ನಷ್ಟು ಖಾರ ಮಾಡಿ ಮುಟ್ಟಿಸುತ್ತಿದ್ದಳು. ಆದರೆ ಅಮ್ಮನೂ ಅವಳೂ ಅಡುಗೆಮನೆಯಲ್ಲಿ ಮತ್ತೆ ಜೋರಾಗಿ ಜಗಳವಾಡುವುದು ನನಗೆ ಕೇಳಿಸುತ್ತಿತ್ತು. ಅದು ಎಷ್ಟೋ ದಿನದಿಂದ ನಿಂತುಹೋಗಿತ್ತು.

ಏಕಾದಶಿ ಬಂತು. ಅಮ್ಮನಿಗೆ ನಿರಾಹಾರ. ಮರುದಿನ ದ್ವಾದಶಿ, ಬೆಳಗಾಗುವ ಹೊತ್ತಿಗೆ ಉಪವಾಸ ಬಿಡುವ ಪಾರಣೆಯ ಅಡುಗೆ ಆಗಿರಬೇಕು. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಕ್ಕೆ ಕಾಯುವ ಹಾಗಿಲ್ಲ. ಹೆಂಡತಿ ಮಲಗುವ ಮುಂಚೆ ಅನ್ನದ ಕುಕ್ಕರಿನ ಕೊಳವೆಯನ್ನು ದೀಪಕ್ಕೆ ಹಿಡಿದು ಆಚೆ ಕಡೆಯ ಬೆಳಕು ನೋಡಿದಳು, ವಾಲ್ವನ್ನು ಬೆರಳಿನಿಂದ ಮುಟ್ಟಿದಳು. ನನಗೆ ತೋರಿಸಲಿಲ್ಲ. ಬೆಳಗಿನ ಜಾವ ಎದ್ದು ಬೇಳೆ ಇಟ್ಟಳಂತೆ. ಕುಕ್ಕರು ನಾಲ್ಕು ಸಲ ಕೂಗಿತಂತೆ, ಅಮ್ಮ ಪಕ್ಕದಲ್ಲೇ ನಿಂತು ಎಣಿಸಿದಳಂತೆ. ಇದನ್ನೆಲ್ಲ ಹೇಳಿದವಳು ಹೆಂಡತಿಯೇ, ಏಳೂವರೆಗೆ ಕಾಫಿ ತಂದು ನನ್ನನ್ನು ಅಲುಗಿಸಿ ಎಬ್ಬಿಸಿದಾಗ.

“ನಾಲ್ಕು ಸಲ ಕೂಗ್ತು ರೀ. ನಿಮಗೆ ಕೇಳಿಸ್ಲೇ ಇಲ್ವಾ?”

ಕೇಳಿಸಿರಲಿಲ್ಲ. ಕುಕ್ಕರು ಸಿಡಿದ ಮೇಲೆ ಮೊದಲ ಸಲ, ಆ ದ್ವಾದಶಿಯ ದಿನ ನಾನು ಬೆಳಗಿನವರೆಗೂ ನಿದ್ದೆ ಮಾಡಿದ್ದೆ.